ಅಂಗನವಾಡಿಗೆ ಬಂದ ಅಡಿಕೆ ಹಾಳೆ

ಪುತ್ತೂರು, ಸುಳ್ಯ, ಕಡಬದ ಅಂಗನವಾಡಿಗಳು ಆಟಿಕೆಗಾಗಿ ಪೇಟೆಗೇ ಹೋಗಬೇಕೆಂದಿಲ್ಲ. ತೋಟದಲ್ಲಿ ಬಿದ್ದ ಅಡಿಕೆ ಹಾಳೆ ಸಾಕು. ಹಾಳೆಯ ಮೇಲೆ ಒಂದು ಮಗು ಕೂತರೆ ಇನ್ನೊಂದು ಎಳೆಯುತ್ತದೆ. ಎಳೆಯುವ ಮಗುವಿನ ಕಾಲು, ತೋಳು, ಬೆನ್ನಿಗೆ ಕೆಲಸ. ಕೂತ ಮಗುವಿಗೆ ಸಮತೋಲನದ ಪಾಠ.

ಬೆರಳಿನ ಕಸರತ್ತಿಗೆ ಚೆನ್ನೆಮಣೆ. ಎರಡು ಸಾಲು, 14 ಗುಳಿ, ಗುಳಿಗೆ ನಾಲ್ಕರಂತೆ 56 ಕಾಯಿ. ಆಟಿ ತಿಂಗಳ ಮಳೆಯಲ್ಲಿ ಹಿರಿಯರು ಆಡುತ್ತಿದ್ದ ಆಟದ ಪೂರ್ತಿ ನಿಯಮ ನಾಲ್ಕು ವರ್ಷದವರಿಗೇಕೆ? ಹೆಬ್ಬೆರಳು, ತೋರುಬೆರಳಲ್ಲಿ ಹೆಕ್ಕಿ ಗುಳಿಗೊಂದರಂತೆ ಹಾಕಿದರಾಯಿತು. ನಾಳೆ ಪೆನ್ಸಿಲ್ ಹಿಡಿಯುವುದೂ ಅಂಗಿಯ ಗುಂಡಿ ಹಾಕುವುದೂ ಅದೇ ಬೆರಳುಗಳೇ.

ಮೂರು ವರ್ಷದೊಳಗಿನವರಿಗೆ ಮಾತ್ರ ಕಾಯಿ ಕೊಡಬಾರದು, ಗಂಟಲಿಗೆ ಸಿಕ್ಕೀತು. ಗುಲಗಂಜಿಯಂತೂ ವಿಷ, ಯಾರಿಗೂ ಬೇಡ. ಚಿಕ್ಕವರಿಗೆ ನಾದಿದ ಹಿಟ್ಟು, ದೊಡ್ಡ ಚೆಂಡು.

ಓಡಾಟ ಮೊದಲು, ಕೂತು ಆಡುವುದು ಆಮೇಲೆ. ಮಳೆಗಾಲದಲ್ಲಿ ಅಂಗಳ ಜಾರಿದರೆ ಒಳಗೇ ಕುಂಟೆಬಿಲ್ಲೆಯ ಗೆರೆ ಎಳೆಯಬಹುದು. ಐದರ ಹೊತ್ತಿಗೆ ಹೆಚ್ಚಿನ ಮಕ್ಕಳು ಒಂಟಿಕಾಲಲ್ಲಿ ಕುಪ್ಪಳಿಸಬಲ್ಲರು.