ಬಿಲ್ ನಂಬರು ಎಣಿಸುವವರು ಯಾರು?

ವೆಬ್‌ಸೈಟ್ ಕಟ್ಟಿಕೊಡುವವರು, ವಿನ್ಯಾಸಕಾರರು ತಿಂಗಳ ಕೊನೆಗೆ ಬಿಲ್ ಮಾಡುವ ಪರಿ ಹೆಚ್ಚುಕಮ್ಮಿ ಒಂದೇ. ಹೋದ ತಿಂಗಳ ಫೈಲು ತೆರೆಯುವುದು, ‘ಸೇವ್ ಆ್ಯಸ್’ ಕೊಡುವುದು, ಹೆಸರು, ಮೊತ್ತ ತಿದ್ದುವುದು. ಮರೆತುಹೋಗುವುದು ನಂಬರು. ಜಿಎಸ್‌ಟಿ ನಿಯಮಾವಳಿಯ 46ನೇ ನಿಯಮದಂತೆ ಇನ್‌ವಾಯ್ಸ್ ಸಂಖ್ಯೆ 16 ಅಕ್ಷರ ಮೀರುವಂತಿಲ್ಲ, ಸರಣಿ ಕಡಿಯುವಂತಿಲ್ಲ, ಒಂದೇ ಹಣಕಾಸು ವರ್ಷದಲ್ಲಿ ಮರುಕಳಿಸುವಂತಿಲ್ಲ. ನಕಲು ಮಾಡಿ ತಿದ್ದುವ ಪದ್ಧತಿಯಲ್ಲಿ ಇದೆಲ್ಲ ನೆನಪಿನ ಮೇಲೇ ನಿಂತಿರುತ್ತದೆ. ಬಿಲ್ಲನ್ನು ಪತ್ರದಂತೆ ಬರೆಯುವ ಬದಲು ಲೆಕ್ಕದ ಕಡತದಿಂದ ತಾನಾಗಿ ಇಳಿಯುವಂತೆ ಮಾಡುವುದು ಮೇಲು. ಅದಕ್ಕೆ ಐವತ್ತು ಅರವತ್ತು ಸಾಲಿನ ಸ್ಕ್ರಿಪ್ಟ್ ಸಾಕು.

ಟರ್ಮಿನಲ್‌ನಲ್ಲಿ ಗಿರಾಕಿಯ ಅಡ್ಡಹೆಸರು, ಕೆಲಸದ ದಿನಗಳು, ದರ ಟೈಪಿಸಿ ಎಂಟರ್ ಒತ್ತಿದರೆ ಸ್ಕ್ರಿಪ್ಟ್ ಆ ಲೆಕ್ಕದ ಕಡತದ ಕೊನೆಯ ಸಾಲು ಓದಿ ಮುಂದಿನ ಸಂಖ್ಯೆ ಕೊಡುತ್ತದೆ. ಆಮೇಲೆ ಗಿರಾಕಿಯ ಜಿಎಸ್‌ಟಿ ಸಂಖ್ಯೆಯ ಮೊದಲೆರಡು ಅಂಕಿ ನೋಡುತ್ತದೆ. ಬೆಂಗಳೂರಿನ ವಿನ್ಯಾಸಕಾರರು 1,250 ರೂಪಾಯಿಯಂತೆ 7 ದಿನ ದುಡಿದರೆ 8,750 ರೂಪಾಯಿ. ಗಿರಾಕಿಯ ಅಂಕಿ ಕರ್ನಾಟಕದ 29 ಆದರೆ ಸಿಜಿಎಸ್‌ಟಿ 787.50, ಎಸ್‌ಜಿಎಸ್‌ಟಿ 787.50. ಅತ್ತಿಬೆಲೆ ದಾಟಿದರೆ ಸಿಗುವ ಹೊಸೂರಿನ ಕಂಪನಿಯದು ತಮಿಳುನಾಡಿನ 33; ಅಲ್ಲಿ 1,575 ರೂಪಾಯಿಯೂ ಐಜಿಎಸ್‌ಟಿ. ಒಟ್ಟು ಎರಡೂ ಕಡೆ 10,325 ಆದ್ದರಿಂದ ತೆರಿಗೆ ತಪ್ಪು ಕಲಂಗೆ ಹೋದರೂ ಕಣ್ಣಿಗೆ ಬೀಳುವುದಿಲ್ಲ. ಲೆಕ್ಕವನ್ನು ಮಾತ್ರ ಪೈಸೆಯ ಪೂರ್ಣಾಂಕದಲ್ಲಿ ಇಡಬೇಕು, ದಶಮಾಂಶದಲ್ಲಿ 0.1ಕ್ಕೆ 0.2 ಕೂಡಿಸಿದರೆ ಬಹುತೇಕ ಪ್ರೋಗ್ರಾಮಿಂಗ್ ಭಾಷೆಗಳು 0.30000000000000004 ಎನ್ನುತ್ತವೆ!

ಟ್ಯಾಲಿ ಇರುವಾಗ ಈ ಕಪ್ಪು ಪರದೆ ಯಾಕೆ? ದಾಸ್ತಾನು, ಸಂಬಳ ಎಲ್ಲ ಇರುವ ಅಂಗಡಿಗೆ ಟ್ಯಾಲಿಯೇ ಸರಿ; ತಿಂಗಳಿಗೆ ನಾಲ್ಕು ಬಿಲ್ ಮಾಡುವವರಿಗೆ ಅದು ಹೊರೆ. ಸ್ಕ್ರಿಪ್ಟೇ ತಪ್ಪಿದ್ದರೆ ಎಲ್ಲ ಬಿಲ್ಲೂ ತಪ್ಪುತ್ತವಲ್ಲ ಎಂಬ ಆಕ್ಷೇಪ ಗಟ್ಟಿಯಾದದ್ದು. ಆದರೆ ಎಲ್ಲ ಕಡೆ ಒಂದೇ ರೀತಿ ಆಗುವ ತಪ್ಪು ಬೇಗ ಸಿಕ್ಕಿಬೀಳುತ್ತದೆ, ಒಂದೇ ಸಾಲು ತಿದ್ದಿದರೆ ಮುಂದಿನದು ಸರಿ. ಕೊಟ್ಟಾದ ಬಿಲ್ಲಿಗೆ ಕ್ರೆಡಿಟ್ ನೋಟ್ ದಾರಿ ಇದ್ದೇ ಇದೆ. ಮರೆವಿನ ತಪ್ಪುಗಳೋ ಒಂದೊಂದು ಬಿಲ್ಲಿನಲ್ಲಿ ಒಂದೊಂದು ಬಗೆ. ವಹಿವಾಟು 5 ಕೋಟಿ ಮೀರಿದವರಿಗೆ ಇ‑ಇನ್‌ವಾಯ್ಸ್ ಕಡ್ಡಾಯ, ಅವರಿಗೆ ಇಷ್ಟೇ ಸಾಲದು. ಕನ್ನಡದಲ್ಲೇ ಬಿಲ್ ಬೇಕೆನ್ನುವವರು ಪಿಡಿಎಫ್ ಉಪಕರಣ ನೋಡಿ ಆರಿಸಬೇಕು. ಕೆಲವಕ್ಕೆ ಒತ್ತಕ್ಷರ ಜೋಡಿಸಲು ಬಾರದು. ಮೊದಲ ಬಿಲ್ ಕಳಿಸುವ ಮುನ್ನ ‘ಒಟ್ಟು’ ಎಂಬಲ್ಲಿ ಟ‑ಒತ್ತು ಕೆಳಗೇ ಕೂತಿದೆಯೇ ನೋಡಿಕೊಳ್ಳಿ.