ರಬ್ಬರ್ ಹಾಲಿನ ಹದ

ಮೆಟ್ಟಿಲು ಹತ್ತುವಾಗಲೇ ಅಮೋನಿಯದ ಘಾಟು ಮೂಗಿಗೆ ಅಡರುತ್ತದೆ. ಡಬ್ಬದಲ್ಲಿರುವ ರಬ್ಬರ್ ಹಾಲು ಹೆಪ್ಪುಗಟ್ಟದಿರಲೆಂದು ಬೆರೆಸಿದ ಅಮೋನಿಯ. ಕೆಳಗೆ ನ್ಯೂಯಾರ್ಕಿನ ಬೌರಿ ಬೀದಿ: ಹೋಟೆಲ್ ಸಾಮಾನಿನ ಅಂಗಡಿಗಳು, ಗೋಡೆಗೊರಗಿ ಕುಳಿತ ಸೂರಿಲ್ಲದ ಗಂಡಸರು, 1960ರ ದಶಕದ ಕೊನೆಯ ವರ್ಷಗಳ ಗದ್ದಲ. ಮೇಲೆ, 134ನೇ ನಂಬರಿನ ಈ ಹಳೆಯ ಕಟ್ಟಡದಲ್ಲಿ, ಮೂವತ್ತರ ಆಸುಪಾಸಿನ ಮಹಿಳೆಯೊಬ್ಬರು ಜಾಳುಜಾಳಾದ ಹತ್ತಿ ಬಟ್ಟೆಗೆ ಆ ಹಾಲನ್ನು ಕುಂಚದಿಂದ ಬಳಿಯುತ್ತಿದ್ದಾರೆ. ಒಂದು ತೆಳು ಪದರ, ಅದು ಆರುವ ತನಕ ಕಾಯುವುದು, ಅದರ ಮೇಲೆ ಇನ್ನೊಂದು. ಹಸಿಯಿದ್ದಾಗ ಅಚ್ಚಬಿಳುಪು, ಆರುತ್ತ ಆರುತ್ತ ತಿಳಿಹಳದಿಗೆ ತಿರುಗಿ, ಬೆಳಕನ್ನು ಅರ್ಧ ಹಿಡಿದು ಅರ್ಧ ಬಿಡುತ್ತದೆ. ಕುಂಚದ ಕೂದಲೆಳೆದ ಗೆರೆ, ಗಾಳಿಗುಳ್ಳೆ, ಅಂಚಿನ ಸುಕ್ಕು, ಎಲ್ಲವೂ ಇದ್ದಲ್ಲೇ ಉಳಿಯುತ್ತವೆ.

ಇವರು ಶಿಲ್ಪಿ ಇವಾ ಹೆಸ್ಸೆ. ಕಲ್ಲಿಲ್ಲ, ಕಂಚಿಲ್ಲ, ಹಗ್ಗ, ಹುರಿ, ಪ್ಲಾಸ್ಟಿಕ್ ಕೊಳವೆ, ಫೈಬರ್‌ಗ್ಲಾಸ್, ಹತ್ತಿರದ ಕೆನಾಲ್ ಸ್ಟ್ರೀಟಿನ ಅಂಗಡಿಗಳಿಂದ ಹೊತ್ತು ತಂದ ಹಲವು ಬಗೆಯ ಸಾಮಾನು.

ಹುರಿಯ ನಂಟು ಅಂಟಿದ್ದು ಜರ್ಮನಿಯ ಕೆಟ್ವಿಗ್‌ನಲ್ಲಿ. 1964ರಲ್ಲಿ ಶಿಲ್ಪಿಯಾಗಿದ್ದ ಗಂಡ ಟಾಮ್ ಡಾಯ್ಲ್ ಜೊತೆ ಅಲ್ಲಿಗೆ ಹೋದಾಗ, ಕೆಲಸಕ್ಕೆಂದು ಸಿಕ್ಕಿದ್ದು ಪಾಳುಬಿದ್ದ ಬಟ್ಟೆ ಗಿರಣಿ. ಅಲ್ಲಿಯವರೆಗೆ ಬಣ್ಣ ಕಲಸುತ್ತಿದ್ದ ಕೈ, ನೆಲದಲ್ಲಿ ಬಿದ್ದಿದ್ದ ದಾರದ ತುಂಡು, ಯಂತ್ರದ ಬಿಡಿಭಾಗಗಳನ್ನು ಹೆಕ್ಕತೊಡಗಿತು. ಚಿತ್ರ ಹಲಗೆಯಿಂದ ಉಬ್ಬಿ ಹೊರಬಂತು. ಅದೇ ದೇಶದ ಹ್ಯಾಂಬರ್ಗಿನಲ್ಲಿ 1936ರಲ್ಲಿ ಯಹೂದಿ ಮನೆಯಲ್ಲಿ ಹುಟ್ಟಿದವರು ಅವರು. ಮೂರು ತುಂಬುವ ಮೊದಲೇ, 1938ರ ಡಿಸೆಂಬರಿನಲ್ಲಿ, ನಾಜಿಗಳ ಕೈಗೆ ಸಿಗದಿರಲೆಂದು ಅಕ್ಕನ ಜೊತೆ ರೈಲು ಹತ್ತಿಸಿ ನೆದರ್ಲೆಂಡ್ಸಿಗೆ ಕಳಿಸಿದ್ದರು. ಅಪ್ಪ ಅಮ್ಮ ಬಂದು ಸೇರಿಕೊಂಡ ಮೇಲೆ 1939ರಲ್ಲಿ ನ್ಯೂಯಾರ್ಕ್. ಹತ್ತರ ವಯಸ್ಸಿಗೆ ತಾಯಿ ಇಲ್ಲವಾದರು.

ಈಗ ಈ ಉಕ್ಕಿನ ಪೆಟ್ಟಿಗೆಯ ಹತ್ತಿರ ಬನ್ನಿ. ಮೊಳಕಾಲೆತ್ತರ ದಾಟಿದ, ನಾಲ್ಕೂ ಬದಿ ಸಮನಾದ, ಮೇಲೆ ಮುಚ್ಚಳವಿಲ್ಲದ ಪೆಟ್ಟಿಗೆ. ಹೆಸರು ‘ಆಕ್ಸೆಷನ್ II’. ಕೈಗುರುತೇ ಕಾಣದಂತೆ ಕಾರ್ಖಾನೆಯಲ್ಲಿ ಮಾಡಿಸಿದ ಇಂಥ ಲೋಹದ ಘನಾಕೃತಿಗಳು ಆಗ ನ್ಯೂಯಾರ್ಕಿನ ಗ್ಯಾಲರಿಗಳ ತುಂಬ ಇದ್ದವು. ಮಿನಿಮಲಿಸಂ ಕಾಲ ಅದು. ಹೊರಮೈ ನೇಯ್ದ ಹಾಗೆ ಅಚ್ಚುಕಟ್ಟು. ಬಗ್ಗಿ ಒಳಗೆ ಇಣುಕಿದರೆ ಮಾತ್ರ ಉಸಿರು ನಿಲ್ಲುತ್ತದೆ: ಭತ್ತದ ಸಸಿಮಡಿಯ ಹಾಗೆ ಮೃದುವಾದ ಕೊಳವೆ ತುದಿಗಳು ಒತ್ತೊತ್ತಾಗಿ ಎದ್ದು ನಿಂತಿವೆ. ಒಂದು ತೂತಿನಲ್ಲಿ ತೂರಿಸಿ ಪಕ್ಕದ ತೂತಿನಲ್ಲಿ ಮರಳಿ ಒಳಕ್ಕೆಳೆದ ತುಂಡುಗಳು. ತೂತುಗಳು 30 ಸಾವಿರಕ್ಕೂ ಮಿಕ್ಕಿ. ಒಂದೊಂದನ್ನೂ ಪೋಣಿಸಿದ್ದು ಕೈಯಿಂದ. ಅಷ್ಟು ಬಿಗಿಯಾದ ಆಕಾರಕ್ಕೆ ಇಷ್ಟು ಮೆತ್ತನೆಯ ಒಡಲು ಕೊಟ್ಟಿದ್ದೇ ಇವಾ ತೆಗೆದ ಹೊಸ ದಾರಿಯೆಂದು ನನಗನ್ನಿಸುತ್ತದೆ. ಪೋಸ್ಟ್‌ಮಿನಿಮಲಿಸಂ ಎಂಬ ಹೆಸರೆಲ್ಲ ಆಮೇಲೆ ಬಂದದ್ದು.

1969ರಲ್ಲಿ ಮೆದುಳಿನಲ್ಲಿ ಗೆಡ್ಡೆ ಇರುವುದು ಗೊತ್ತಾಯಿತು. ಶಸ್ತ್ರಚಿಕಿತ್ಸೆಗಳ ನಡುವೆ, ಸಹಾಯಕರ ಕೈ ಹಿಡಿದು, ‘ಕಂಟಿಂಜೆಂಟ್’ ಮುಗಿಸಿದರು: ನಡುವೆ ರಬ್ಬರ್ ಬಳಿದ ಬಟ್ಟೆ, ಎರಡೂ ತುದಿಗೆ ಫೈಬರ್‌ಗ್ಲಾಸ್, ಹಾಗೆ ಮಾಡಿನಿಂದ ಇಳಿಬಿಟ್ಟ ಎಂಟು ಹಾಳೆಗಳು. 1970ರ ಮೇ ತಿಂಗಳ ‘ಆರ್ಟ್‌ಫೋರಂ’ ಪತ್ರಿಕೆಯ ಮುಖಪುಟದಲ್ಲಿ ಅದರ ಚಿತ್ರ ಬಂತು. ಅದೇ ತಿಂಗಳ 29ರಂದು ಇವಾ ತೀರಿಕೊಂಡರು. ವಯಸ್ಸು 34.

ರಬ್ಬರ್ ಹಾಲು ಬಾಳುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಕೊಳ್ಳಬಂದವರಿಗೆ ಪತ್ರ ಬರೆದು ಹಾಗೆಂದು ತಿಳಿಸಬೇಕೆನಿಸುವ ಅಳುಕನ್ನು ಸಂದರ್ಶನದಲ್ಲಿ ಹೇಳಿಕೊಂಡಿದ್ದರು. ಹಾಗೇ ಆಯಿತು, ತಿಳಿಹಳದಿ ಕಂದಾಗಿದೆ, ಬಳುಕುತ್ತಿದ್ದದ್ದು ಹಪ್ಪಳದಂತೆ ಮುರಿಯುವಷ್ಟು ಗಡುಸಾಗಿದೆ. ಗುಗೆನ್‌ಹೈಮ್ ಮ್ಯೂಸಿಯಂನವರು ‘ಎಕ್ಸ್‌ಪ್ಯಾಂಡೆಡ್ ಎಕ್ಸ್‌ಪ್ಯಾನ್ಷನ್’ ಎಂಬ ದೊಡ್ಡ ಕೃತಿಯನ್ನು ದಶಕಗಳ ಕಾಲ ಒಳಗಿಟ್ಟು, ಬಿರುಕುಗಳಿಗೆ ಆರೈಕೆ ಮಾಡಿ, 2022ರಲ್ಲಿ ಮತ್ತೆ ಜನರೆದುರು ನಿಲ್ಲಿಸಿದರು. ಸರಿಯಾದ ಕೆಲಸವನ್ನೇ ಮಾಡಿದರು. ಹೊಸ ರಬ್ಬರಿನಲ್ಲಿ ನಕಲು ಮಾಡಿಸಿಟ್ಟಿದ್ದರೆ ಬಣ್ಣವೇನೋ ಬರುತ್ತಿತ್ತು, ಇವಾ ಎಳೆದ ಕುಂಚದ ಗೆರೆ ಬರುತ್ತಿತ್ತೇ?