ಪದವಿಯ ಕೊನೆಯ ವರ್ಷ ಊರನ್ನೇ ಓದಲಿ

ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಮಕ್ಕಳು ವಾಣಿಜ್ಯ ಅಥವಾ ನಿರ್ವಹಣಾಶಾಸ್ತ್ರದಲ್ಲಿ ಪದವಿ ಪಡೆಯಲು ಈಗ ಊರು ಬಿಡಬೇಕಾಗಿಲ್ಲ. ಉಜಿರೆಯ ಎಸ್‌ಡಿಎಂ ಕಾಲೇಜು 1966ರಿಂದ ಇದೆ. ಬಂಟ್ವಾಳದಲ್ಲಿ ಎಸ್‌ವಿಎಸ್ ಕಾಲೇಜು, ಮೂಡುಬಿದಿರೆಯಲ್ಲಿ ಮಹಾವೀರ ಮತ್ತು ಆಳ್ವಾಸ್ ಕಾಲೇಜುಗಳು, ಜೊತೆಗೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳೂ ಇವೆ. ಹಿಂದೆ ಬಿಬಿಎಂ ಎನ್ನುತ್ತಿದ್ದ ಬಿಬಿಎ ಪದವಿಯ ನಿಯಮಗಳು ಈಚಿನ ವರ್ಷಗಳಲ್ಲಿ ಬೇಗಬೇಗ ಬದಲಾದವು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಚೌಕಟ್ಟು ಬಂತು, 2024-25ರಲ್ಲಿ ರಾಜ್ಯ ಸರ್ಕಾರ ಮೂರು ವರ್ಷದ ಪದವಿಗೆ ಮರಳಿತು, ಅದೇ ವರ್ಷ ಬಿಬಿಎ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ವ್ಯಾಪ್ತಿಗೂ ಸೇರಿತು. ಇಷ್ಟೆಲ್ಲದರ ನಡುವೆ ಒಂದು ಕ್ರಮ ಉಳಿದುಕೊಂಡಿದೆ: ಸಾಮಾನ್ಯವಾಗಿ ಕೊನೆಯ ಹಂತದಲ್ಲಿ ವಿದ್ಯಾರ್ಥಿ ಹಣಕಾಸು, ಮಾರುಕಟ್ಟೆ, ಮಾನವ ಸಂಪನ್ಮೂಲ ಇವುಗಳಲ್ಲಿ ಒಂದನ್ನು ವಿಶೇಷ ವಿಷಯವಾಗಿ ಆರಿಸಿಕೊಳ್ಳಬೇಕು, ಪ್ರಾಜೆಕ್ಟ್ ವರದಿ ಬರೆಯಬೇಕು. ಹೆಚ್ಚಿನವರು ಈ ಆಯ್ಕೆಯನ್ನು ಅಂಕದ ಲೆಕ್ಕದಲ್ಲಿ ಮಾಡುತ್ತಾರೆ. ಅದನ್ನು ಊರಿನ ಲೆಕ್ಕದಲ್ಲಿ ಮಾಡಬೇಕು, ವಿಶೇಷ ಅಧ್ಯಯನ ನಿಜವಾಗಿ ಮುಗಿಯುವುದು ಆಗಲೇ ಎಂಬುದು ನನ್ನ ವಾದ.

ಹಣಕಾಸನ್ನೇ ಮೊದಲು ತೆಗೆದುಕೊಳ್ಳೋಣ. ದುಡಿಯುವ ಬಂಡವಾಳ, ದಾಸ್ತಾನಿನ ವೆಚ್ಚ, ಬೆಲೆಯ ಅಪಾಯ ಎಂದು ಪಠ್ಯಪುಸ್ತಕ ಹೇಳುವ ಮಾತುಗಳೆಲ್ಲ ಇಲ್ಲಿನ ಅಡಿಕೆ ಕೃಷಿಕನ ಅಂಗಳದಲ್ಲೇ ಹರಡಿಕೊಂಡಿವೆ. ಹಣ್ಣಡಿಕೆಯನ್ನು ಒಂದೂವರೆ ತಿಂಗಳು ಬಿಸಿಲಿಗೆ ಒಣಗಿಸಿ, ಸುಲಿದು, ಪಟೋರ, ಉಳ್ಳಿ, ಕರಿಗೋಟು ಎಂದು ಬೇರ್ಪಡಿಸಿದ ಮೇಲೆ ಆತನ ಮುಂದೆ ಒಂದು ಪ್ರಶ್ನೆ ನಿಲ್ಲುತ್ತದೆ: ಹೊಸ ಅಡಿಕೆಯಾಗಿ ಈಗಲೇ ಕೊಡುವುದೋ, ಒಂದು ವರ್ಷ ಇಟ್ಟು ಸಿಂಗಲ್ ಚೋಲ್ ಮಾಡುವುದೋ, ಎರಡು ವರ್ಷ ಕಾದು ಡಬಲ್ ಚೋಲ್ ಮಾಡುವುದೋ? ಹಳತಾದಷ್ಟೂ ಸಾಮಾನ್ಯವಾಗಿ ಧಾರಣೆ ಹೆಚ್ಚು. ಆದರೆ ತೂಕ ಇಳಿಯುತ್ತದೆ, ಹುಳು ಹಿಡಿಯುವ ಭಯವಿದೆ, ಸೊಸೈಟಿಯ ಸಾಲಕ್ಕೆ ಬಡ್ಡಿ ಏರುತ್ತದೆ. ಈ ಲೆಕ್ಕವನ್ನು ಕಾಗದದ ಮೇಲೆ ಬಿಡಿಸಬಲ್ಲ ವಿದ್ಯಾರ್ಥಿಗೆ ದೊಡ್ಡ ಕಂಪನಿಯ ದಾಸ್ತಾನು ನಿರ್ವಹಣೆ ಹೊಸದಾಗಿ ಕಾಣುವುದಿಲ್ಲ. ಮಾರುಕಟ್ಟೆಯನ್ನು ಆರಿಸಿಕೊಂಡವರಿಗೂ ಇದೇ ಬೆಳೆ ಪಾಠ ಹೇಳುತ್ತದೆ. ಬೆಲೆ ಕುಸಿದು ಬೆಳೆಗಾರರು ಕಂಗೆಟ್ಟಿದ್ದ ಕಾಲದಲ್ಲಿ, 1973ರಲ್ಲಿ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಹುಟ್ಟಿತು. ಮುಂದೆ ಕೊಕ್ಕೊ ಬೆಳೆಗಾರರಿಗಾಗಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಕಟ್ಟಿತು. ಕಚ್ಚಾ ಸರಕಿಗೆ ಬೆಲೆ ಸಿಗದಾಗ ಅದನ್ನು ಸಿದ್ಧ ಸರಕಾಗಿಸಿ ಮಾರಬೇಕೆಂಬ ಸೂತ್ರಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಮಾನವ ಸಂಪನ್ಮೂಲದ ಮಾತಿಗೆ ಬಂದರೆ ಬೀಡಿ ಉದ್ಯಮ ಕಣ್ಣೆದುರಿಗಿದೆ. ಈ ಭಾಗದ ಮನೆಮನೆಯಲ್ಲಿ ಹೆಂಗಸರು ಬೀಡಿ ಕಟ್ಟಿ ಸಂಸಾರ ತೂಗಿಸಿದ್ದಾರೆ, ಮಕ್ಕಳನ್ನು ಓದಿಸಿದ್ದಾರೆ. ಬೀಡಿ ಕಂಪನಿಯ ಬ್ರಾಂಚಿನಿಂದ ಎಲೆ ಮತ್ತು ಹೊಗೆಸೊಪ್ಪು ತಂದು, ಕಟ್ಟಿ, ಹಿಂದಿರುಗಿಸಿ, ಸಾವಿರಕ್ಕೆ ಇಷ್ಟೆಂದು ಮಜೂರಿ ಪಡೆಯುವ ಈ ವ್ಯವಸ್ಥೆಯಲ್ಲಿ ಕಾರ್ಮಿಕರು ಒಂದೇ ಸೂರಿನಡಿ ಸೇರುವುದೇ ಇಲ್ಲ. ಹಾಗಿದ್ದರೆ ಗುಣಮಟ್ಟ ನೋಡುವವರು ಯಾರು, ತಿರಸ್ಕೃತ ಬೀಡಿಯ ನಷ್ಟ ಯಾರ ತಲೆಗೆ, ಭವಿಷ್ಯನಿಧಿ ಸೇರುವುದು ಹೇಗೆ? 1966ರ ಬೀಡಿ ಕಾರ್ಮಿಕರ ಕಾಯ್ದೆ ಮೊದಲಾದ ಕಾನೂನುಗಳು ಎದುರಿಸಿದ ಈ ಪ್ರಶ್ನೆಗಳೇ ಇಂದು ಆ್ಯಪ್ ನಂಬಿ ಊಟ ತಲುಪಿಸುವ ಹುಡುಗರ ವಿಷಯದಲ್ಲಿ ಮತ್ತೆ ಎದ್ದಿವೆ. ತಾಯಿಯ ಮೊರದಲ್ಲಿ ಇದ್ದ ಪಾಠವನ್ನು ಮಗಳು ತರಗತಿಯಲ್ಲಿ ಗುರುತಿಸಬಲ್ಲಳಾದರೆ ಅವಳ ಓದು ಫಲಿಸಿದಂತೆ.

ಊರಿನಲ್ಲಿ ಕೆಲಸವೇ ಕಡಿಮೆ, ಪದವಿ ಮುಗಿದವರು ಮಂಗಳೂರಿಗೋ ಬೆಂಗಳೂರಿಗೋ ಕೊಲ್ಲಿ ದೇಶಕ್ಕೋ ಹೋಗುತ್ತಾರೆ, ಅಂಥವರಿಗೆ ಅಡಿಕೆ ಲೆಕ್ಕ ಯಾಕೆ ಎಂಬ ಆಕ್ಷೇಪ ಸಹಜ. ಹೋಗುವವರು ಹೋಗಲಿ, ತಪ್ಪೇನಿಲ್ಲ. ಆದರೆ ಕರಾವಳಿಯ ಅನುಭವ ಹೇಳುವುದೇ ಬೇರೆ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ಬಡವರು ದಿನಕ್ಕೆ ಎರಡಾಣೆ ಉಳಿಸಬಲ್ಲರು, ಆದರೆ ಬ್ಯಾಂಕಿಗೆ ಬರಲಾರರು ಎಂಬುದನ್ನು ಕಂಡುಕೊಂಡು ಬ್ಯಾಂಕೇ ಅವರ ಬಾಗಿಲಿಗೆ ಹೋಯಿತು. ಊರನ್ನು ನೋಡಿ ಮಾಡಿದ ಆ ಕ್ರಮ ದೇಶದ ಬೇರೆಡೆಗೂ ಹಬ್ಬಿತು. ಉಜಿರೆಯಲ್ಲಿ 1982ರಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ ಹಳ್ಳಿಯ ನಿರುದ್ಯೋಗಿಗಳಿಗೆ ಕಿರು ಅವಧಿಯ ಸ್ವಉದ್ಯೋಗ ತರಬೇತಿ ಕೊಟ್ಟಿತು; ಅದೇ ಮಾದರಿಯಲ್ಲಿ ದೇಶದ ಜಿಲ್ಲೆಜಿಲ್ಲೆಗಳಲ್ಲಿ ಆರ್‌ಸೆಟಿ ಎಂಬ ಸ್ವಉದ್ಯೋಗ ತರಬೇತಿ ಸಂಸ್ಥೆಗಳು ತೆರೆದವು. ಅದೇ ವರ್ಷ ಬೆಳ್ತಂಗಡಿ ತಾಲೂಕಿನಲ್ಲಿ ಮೊದಲಾದ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಪ್ರಗತಿಬಂಧು ಗುಂಪುಗಳಲ್ಲಿ ಸಣ್ಣ ರೈತರು ಸರದಿಯಂತೆ ಒಬ್ಬರ ಜಮೀನಿನಲ್ಲಿ ಇನ್ನೊಬ್ಬರು ದುಡಿದು ಕೂಲಿಯ ಖರ್ಚು ಉಳಿಸಿದರು. ಇವನ್ನು ರೂಪಿಸಿದ್ದು ಎದುರಿಗಿದ್ದ ಜನರ ಕಷ್ಟ. ಒಂದು ಊರನ್ನು ಸರಿಯಾಗಿ ಓದಲು ಕಲಿತವರು ಇನ್ನೊಂದು ಊರನ್ನೂ ಓದಬಲ್ಲರು.

ಇಪ್ಪತ್ತರ ಹರೆಯದಲ್ಲಿ ಒಂದೇ ವಿಷಯಕ್ಕೆ ಕಟ್ಟಿಬೀಳುವುದು ಅವಸರವಲ್ಲವೇ, ಎಂಬಿಎಯಲ್ಲಿ ಹೇಗೂ ಮತ್ತೆ ಆರಿಸಿಕೊಳ್ಳಬೇಕಲ್ಲ ಎಂದು ಕೇಳುವವರೂ ಇದ್ದಾರೆ. ಆದರೆ ಎಂಬಿಎಗೆ ಹೋಗಲು ಹಣವೂ ಅನುಕೂಲವೂ ಎಲ್ಲರಿಗೂ ಇರುವುದಿಲ್ಲ. ಅನೇಕರಿಗೆ ಇದೇ ಕೊನೆಯ ತರಗತಿ. ಅಲ್ಲಿ ಒಂದು ವಿಷಯವನ್ನಾದರೂ ಬುಡಮಟ್ಟ ಹಿಡಿದರೆ ಉಳಿದವನ್ನು ತಾನೇ ಕಲಿಯುವ ಧೈರ್ಯ ಬರುತ್ತದೆ. ಮುಂದೆ ಓದುವವರಿಗೂ ಆ ತಳಪಾಯ ವ್ಯರ್ಥವಾಗದು.

ಮೂರನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ಊರಿನ ವ್ಯಾಪಾರಿಗಳು ತಮ್ಮ ಲೆಕ್ಕಪುಸ್ತಕವನ್ನು ವಿದ್ಯಾರ್ಥಿಗಳಿಗೆ ತೋರಿಸುವುದಿಲ್ಲ, ಹಾಗಾಗಿಯೇ ಪ್ರಾಜೆಕ್ಟ್ ವರದಿಗಳು ಹಳೆಯವುಗಳ ನಕಲಾಗುತ್ತವೆ. ಖಾಸಗಿ ಅಂಗಡಿಯ ಮಟ್ಟಿಗೆ ಇದು ನಿಜ. ಆದರೆ ಮೊಳಹಳ್ಳಿ ಶಿವರಾಯರು ಸಹಕಾರಿ ಚಳವಳಿ ಕಟ್ಟಿದ ಜಿಲ್ಲೆ ಇದು. ಕೃಷಿ ಪತ್ತಿನ ಸಂಘ, ಹಾಲಿನ ಸೊಸೈಟಿ ಹಳ್ಳಿಹಳ್ಳಿಯಲ್ಲಿವೆ. ಅವು ವರ್ಷಕ್ಕೊಮ್ಮೆ ಮಹಾಸಭೆ ಕರೆಯುತ್ತವೆ, ಲೆಕ್ಕಪರಿಶೋಧನೆಯಾದ ಜಮಾ-ಖರ್ಚನ್ನು ಸದಸ್ಯರ ಮುಂದಿಡುತ್ತವೆ. ಎಷ್ಟೋ ಮನೆಗಳಲ್ಲಿ ಆ ವರದಿ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟ ಹಾಗೇ ಉಳಿದಿರುತ್ತದೆ. ಐದು ವರ್ಷದ ವರದಿಗಳನ್ನು ಸಾಲಾಗಿಟ್ಟು ಠೇವಣಿ ಬೆಳೆದದ್ದೆಷ್ಟು, ಸುಸ್ತಿ ಸಾಲ ಏರಿತೋ ಇಳಿಯಿತೋ, ಡಿವಿಡೆಂಡ್ ಯಾವ ಲಾಭದಿಂದ ಬಂತು ಎಂದು ನೋಡಿದರೆ ನಕಲು ಮಾಡಲಾಗದ ಒಂದು ಪ್ರಾಜೆಕ್ಟ್ ಸಿದ್ಧವಾಗುತ್ತದೆ.

ಇದಕ್ಕೆ ಹೊಸ ಪಠ್ಯಕ್ರಮವಾಗಲಿ ಅನುದಾನವಾಗಲಿ ಬೇಕಿಲ್ಲ. ಅಧ್ಯಾಪಕರು ಊರಿನ ಸಂಸ್ಥೆಯೊಂದನ್ನು ವಿಷಯವಾಗಿ ಒಪ್ಪಬೇಕು. ಸಂಘದ ಕಾರ್ಯದರ್ಶಿಗಳು ವಿದ್ಯಾರ್ಥಿಗೆ ಅರ್ಧ ದಿನ ಕೊಡಬೇಕು. ಬರೆದ ವರದಿಯ ಒಂದು ಪ್ರತಿ ಆ ಸಂಘಕ್ಕೆ, ಕನ್ನಡದಲ್ಲಿ, ಮರಳಬೇಕು. ಕೊನೆಯ ವರ್ಷಕ್ಕೆ ಕಾಲಿಡುತ್ತಿರುವ ವಿದ್ಯಾರ್ಥಿಗಳಲ್ಲಿ ಒಂದೇ ವಿನಂತಿ: ಯಾವ ವಿಷಯ ಆರಿಸಿಕೊಳ್ಳಲಿ ಎಂದು ಹಿರಿಯ ವಿದ್ಯಾರ್ಥಿಗಳನ್ನು ಕೇಳುವ ಮೊದಲು, ಮನೆಯಲ್ಲಿರುವ ಸೊಸೈಟಿಯ ವರದಿಯನ್ನು ಒಮ್ಮೆ ಬಿಡಿಸಿ ಓದಿ.